ಕುದುರೆಯ ಕಣ್ಣೂ ತೋಪಿನ ಸದ್ದೂ

ನಂದಿಕೂರಿನ ಬೇಸಾಯಗಾರರಿಗೆ ಕೋಣದ ಗುಣವು ತಿಳಿದಿರುವಷ್ಟು ಕುದುರೆಯ ಗುಣವು ತಿಳಿದಿರಲಾರದು. ಆದರೂ ಅಡ್ವೆ ನಂದಿಕೂರಿನ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ಕೋಣಗಳನ್ನು ಇಳಿಸುವವರು ಸದ್ದಿಗೆ ಬೆದರುವ ಪ್ರಾಣಿಯ ಕಷ್ಟವನ್ನು ಬಲ್ಲರು. ಅದನ್ನು ಪೋಕರಿಯೆಂದು ಹೊಡೆಯುವುದೂ, ಕೊನೆಗೆ ಬಂದ ಬೆಲೆಗೆ ಮಾರಿಬಿಡುವುದೂ ಉಂಟು. ಹಾಗೆ ಮಾಡುವುದಕ್ಕೆ ಮೊದಲು ಅದರ ಕಣ್ಣನ್ನು ಪರೀಕ್ಷಿಸತಕ್ಕದ್ದು. ಈ ವಿಷಯವು ಕುದುರೆಯಲ್ಲಿ ಸ್ಪಷ್ಟವಾಗಿ ಕಂಡುಬರುವುದು.

ಕುದುರೆಯು ಓಟದಿಂದಲೇ ಪ್ರಾಣವನ್ನುಳಿಸಿಕೊಳ್ಳುವ ಜಾತಿಯದು; ಮೊದಲು ಓಡಿ, ಆಮೇಲೆ ಹಿಂದಿರುಗಿ ನೋಡುವುದು ಅದರ ಸ್ವಭಾವ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ತನ್ನ ಸುತ್ತಲೂ ಸುಮಾರು 350 ಅಂಶಗಳಷ್ಟು ಅದಕ್ಕೆ ಕಾಣುವುದು. ಹಣೆಯ ನೇರ ಮುಂದೆಯೂ ಬಾಲದ ನೇರ ಹಿಂದೆಯೂ ಮಾತ್ರ ಕಾಣದು. ಬೆಳಕಿನಿಂದ ಕತ್ತಲೆಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಲಾಯದ ಬಾಗಿಲಲ್ಲಿ ತಡೆದು ನಿಲ್ಲುವ ಕುದುರೆಯನ್ನು ಮೊಂಡು ಎನ್ನುವುದು ಅನ್ಯಾಯ.

ಒಂದು ಕಣ್ಣು ಮಂಜಾದರೆ ಆ ಪಕ್ಕದ ಸದ್ದು ಎಲ್ಲಿಂದ, ಯಾವುದರಿಂದ ಬಂದಿತೆಂಬುದನ್ನು ಕುದುರೆಯು ನೋಡಿ ತಿಳಿಯಲಾರದು. ಆದುದರಿಂದ ಭಯವು ಇಮ್ಮಡಿಯಾಗುವುದು. ಪರೀಕ್ಷೆಯು ಸುಲಭ. ಒಂದು ಕಣ್ಣನ್ನು ಮುಚ್ಚಿ, ಇನ್ನೊಂದರ ಮುಂದೆ ಹತ್ತಿಯ ಉಂಡೆಯನ್ನು ಮೇಲಿನಿಂದ ಬೀಳಿಸಬೇಕು. ಕಾಣುವ ಕಣ್ಣು ಅದನ್ನು ಹಿಂಬಾಲಿಸುವುದು. ಕೈ ಬೀಸಿದರೆ ಗಾಳಿ ತಗುಲಿ ಕುರುಡು ಕಣ್ಣೂ ಮಿಟುಕುವುದರಿಂದ ಮೋಸಹೋಗುವ ಸಂಭವವಿದೆ.

ಕುದುರೆಗಳಿಗೆ ಕುರುಡನ್ನು ತರುವ ಮುಖ್ಯ ರೋಗವೊಂದನ್ನು ಚಂದ್ರನ ವೃದ್ಧಿಕ್ಷಯಗಳಿಂದ ಬರುವುದೆಂದು ಹಿಂದೆ ನಂಬಿದ್ದರು. ಅದು ಕಣ್ಣಿನ ಒಳಗಣ ಉರಿಯೂತ. ಒಮ್ಮೆ ಶಮನವಾಗಿ ಮತ್ತೆ ಮರುಕಳಿಸುವುದು. ಕರಾವಳಿಯಲ್ಲಿ ಇಲಿಜ್ವರವನ್ನುಂಟುಮಾಡುವ ಲೆಪ್ಟೋಸ್ಪೈರಾ ಕ್ರಿಮಿಗಳೇ ಅನೇಕ ಸಲ ಇದಕ್ಕೆ ಮೂಲ. ಕಣ್ಣೀರು, ಅರೆಮುಚ್ಚಿದ ರೆಪ್ಪೆ, ಬೆಳಕನ್ನು ಸಹಿಸದಿರುವುದು, ಇವು ಕಂಡ ದಿನವೇ ಪಶುವೈದ್ಯರನ್ನು ಕರೆಯಿಸತಕ್ಕದ್ದು. ನಾಲ್ಕು ದಿನ ಸೊಪ್ಪಿನ ರಸ ಹಿಂಡಿ ಕಾದರೆ ಕಣ್ಣೇ ಹೋಗಬಹುದು.

ಕಣ್ಣು ನೆಟ್ಟಗಿದ್ದೂ ಬೆದರುವುದಾದರೆ ಅಭ್ಯಾಸವೇ ಮದ್ದು. ಮೈಸೂರಿನ ದಸರೆಯಲ್ಲಿ ಜಂಬೂ ಸವಾರಿಯ ದಿನ 21 ಕುಶಾಲತೋಪುಗಳು ಹಾರುವುವು. ಅದಕ್ಕಾಗಿ ಆನೆಗಳನ್ನೂ ಪೊಲೀಸ್ ಅಶ್ವದಳದ ಕುದುರೆಗಳನ್ನೂ ಮುಂಚಿತವಾಗಿ ಹಲವು ಸಲ ಫಿರಂಗಿಯ ತಾಲೀಮಿಗೆ ತಂದು ನಿಲ್ಲಿಸುವರು. ಕ್ರಮವಿಷ್ಟೆ: ಮೊದಲು ದೂರದ ಸಣ್ಣ ಸದ್ದು, ಎದುರಿಗೆ ಮೇವು, ಪಕ್ಕದಲ್ಲಿ ಪಳಗಿದ ಜೊತೆಗಾರ. ಸದ್ದಾದ ಮೇಲೂ ಪ್ರಾಣಿಯು ಮೇವಿಗೆ ಬಾಯಿಹಾಕಿದ ನಂತರವೇ ಸದ್ದನ್ನು ಹತ್ತಿರಕ್ಕೆ ತರಬೇಕು. ಬೆದರಿದಾಗ ಹೊಡೆದರೆ ಸದ್ದಿನೊಡನೆ ನೋವೂ ಬರುವುದೆಂದು ಅದು ಕಲಿಯುವುದು.

ಕೋಣದ ಕಣ್ಣುಗಳೂ ತಲೆಯ ಪಕ್ಕಗಳಲ್ಲಿಯೇ ಇವೆ. ಎಳೆಯ ಕೋಣಗಳನ್ನು ಧ್ವನಿವರ್ಧಕ, ಡೋಲು, ರಾತ್ರಿಯ ದೀಪಗಳಿಗೆ ಒಮ್ಮೆಲೇ ಒಡ್ಡದೆ ಇದೇ ಕ್ರಮದಿಂದ ಪಳಗಿಸಬಹುದು. ಒಂದು ಕಣ್ಣು ಹೋದ ಪ್ರಾಣಿಯ ಬಳಿಗೆ ಕಾಣುವ ಪಕ್ಕದಿಂದ, ಹೆಸರು ಹಿಡಿದು ಕರೆಯುತ್ತ ಹೋಗಬೇಕು. ಎರಡೂ ಹೋದುದಕ್ಕೆ ನೀರಿನ ಮರಿಗೆಯನ್ನು ಇಟ್ಟಲ್ಲಿಂದ ಕದಲಿಸಬಾರದು.