ದಣಿದ ದೇಹಕ್ಕೆ ಅಭ್ಯಂಜನ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುಮಾರ್ಗದಲ್ಲಿ ಊರಿಗಾಂ ಎಂಬುದೊಂದು ನಿಲ್ದಾಣವಿದೆ. ಕೋಲಾರದ ಚಿನ್ನದ ಗಣಿಗಳ ಚರಿತ್ರೆಯೊಡನೆ ಬೆಸೆದುಕೊಂಡ ಊರು ಇದು. ಸಮೀಪದ ಚಾಂಪಿಯನ್ ರೀಫ್ ಗಣಿಯು ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆಳಕ್ಕೆ ಹೋದಷ್ಟೂ ಬಂಡೆಯ ಕಾವು ಏರುತ್ತದೆ. ಆ ಬೇಗೆಯಲ್ಲಿ ಕಲ್ಲು ಕೊರೆದು ಅದಿರು ತುಂಬಿದವರ ತೋಳು, ಬೆನ್ನು, ಸೊಂಟಗಳು ಎಷ್ಟು ನೊಂದಿರಬೇಕು! 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆದರೆ ಮೈಮುರಿದು ದುಡಿಯುವವರು ದಣಿವಾರಿಸಿಕೊಳ್ಳುವ ಬಗೆ ಯಾವುದೆಂಬ ಪ್ರಶ್ನೆ ಇಂದಿಗೂ ಉಳಿದಿದೆ.

ನಮ್ಮ ಹಿರಿಯರು ಕಂಡುಕೊಂಡ ಒಂದು ಉತ್ತರ ಅಭ್ಯಂಜನ. ಎಳ್ಳೆಣ್ಣೆಯನ್ನೋ ಹರಳೆಣ್ಣೆಯನ್ನೋ ಹಚ್ಚಿ, ಮೈಯನ್ನು ಚೆನ್ನಾಗಿ ನೀವಿ, ಬಿಸಿನೀರು ಎರೆಯುವುದು ನಮ್ಮ ಮನೆಗಳ ರೂಢಿ. ಅಭ್ಯಂಗವು ಶ್ರಮವನ್ನು ಕಳೆದು ನಿದ್ರೆಯನ್ನು ತರುತ್ತದೆಂದೂ, ತಲೆ, ಕಿವಿ, ಪಾದಗಳಿಗೆ ಅದನ್ನು ವಿಶೇಷವಾಗಿ ಮಾಡಬೇಕೆಂದೂ ವಾಗ್ಭಟನ ‘ಅಷ್ಟಾಂಗಹೃದಯ’ ಹೇಳುತ್ತದೆ. ಕಫದ ವ್ಯಾಧಿಯುಳ್ಳವರಿಗೂ ಅಜೀರ್ಣದಿಂದ ಬಳಲುವವರಿಗೂ ಅದು ಸಲ್ಲದೆಂದು ಎಚ್ಚರಿಸುವುದೂ ಅದೇ ಗ್ರಂಥವೇ.

ಅಂಗಮರ್ದನದಿಂದ ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ, ನೋವು ತಗ್ಗುತ್ತದೆ, ಮನಸ್ಸು ಶಾಂತವಾಗುತ್ತದೆ. ಸ್ನಾಯುಗಳಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ಅದು ಹೊರಹಾಕುತ್ತದೆಂಬ ನಂಬಿಕೆ ಬಹುಕಾಲದಿಂದ ಇತ್ತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಸಮರ್ಥಿಸಲಿಲ್ಲ. ಕಠಿಣ ವ್ಯಾಯಾಮದ ಬಳಿಕ ಹನ್ನೊಂದು ಮಂದಿ ಯುವಕರ ಸ್ನಾಯುಗಳನ್ನು ಪರೀಕ್ಷಿಸಿದಾಗ, ನೀವಿದ ಕಾಲಿನಲ್ಲಿ ಉರಿಯೂತದ ಲಕ್ಷಣಗಳು ಕಡಮೆಯಾಗಿದ್ದುದು ಕಂಡುಬಂದಿತು. ಪರಿಣಾಮ ನಿಜ, ನಾವು ಊಹಿಸಿದ್ದ ಕಾರಣ ಮಾತ್ರ ಬೇರೆ.

ಆದರೂ ಅಂಗಮರ್ದನವು ಸರ್ವರೋಗಗಳಿಗೂ ಮದ್ದಲ್ಲ. ಜ್ವರವಿರುವಾಗ, ಮೂಳೆ ಮುರಿದಾಗ, ಗಾಯವಾದಾಗ, ಕಾಲು ಇದ್ದಕ್ಕಿದ್ದಂತೆ ಊದಿಕೊಂಡಾಗ ಮೈ ತಿಕ್ಕಿಸುವುದು ಅಪಾಯಕರ. ಮೊದಲು ವೈದ್ಯರನ್ನು ಕಾಣಬೇಕು. ಗಣಿಯ ಕೆಲಸಗಾರರಿಗೆ ಒದಗಿದ ದೊಡ್ಡ ಕೇಡು ಮೈನೋವಲ್ಲ, ಸಿಲಿಕೋಸಿಸ್. ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶವನ್ನು ಹೊಕ್ಕು ಅದನ್ನು ಗಡುಸಾಗಿಸುವ ರೋಗವಿದು. ಹೀಗೆ ಕೆಟ್ಟ ಶ್ವಾಸಕೋಶವನ್ನು ಯಾವ ಎಣ್ಣೆಯೂ ಸರಿಪಡಿಸಲಾರದು. ನೀರು ಹಾಯಿಸಿ ಕೊರೆಯುವುದು, ಗಾಳಿಯಾಡಿಸುವುದು, ಮುಖಕ್ಕೆ ಸರಿಯಾದ ರಕ್ಷಣೆ ಧರಿಸುವುದು, ಇವೇ ಅದನ್ನು ತಡೆಯುವ ಮಾರ್ಗಗಳು. ಇಂದಿಗೂ ಕಲ್ಲುಗಣಿಗಳಲ್ಲಿ ದುಡಿಯುವವರಿಗೆ ಈ ಮಾತು ಅನ್ವಯಿಸುತ್ತದೆ.

ದಿನದ ದಣಿವನ್ನು ನೀಗಲು ಮನೆಯವರ ಅಕ್ಕರೆಯ ಕೈ ಸಾಕು. ದುಡಿಮೆಯೇ ದೇಹವನ್ನು ತಿನ್ನದಂತೆ ಕಾಯುವುದು ಮಾತ್ರ ದುಡಿಸಿಕೊಳ್ಳುವವರ ಹಾಗೂ ಸಮಾಜದ ಹೊಣೆ.