ನೂಲಿನ ಬೆಲೆ

ಮುಂಗಾರಿನ ಮಳೆಯಲ್ಲಿ ಹೊಲದ ಬದುವಿನ ಮೇಲೆ ಕಂಬಳಿಯ ಕೊಪ್ಪೆ ಹೊದ್ದು ನಿಂತ ಕುರಿಗಾಹಿಯನ್ನು ತುಮಕೂರು ಜಿಲ್ಲೆಯ ಹಳ್ಳಿಗಳವರೆಲ್ಲರೂ ಬಲ್ಲರು. ಅವನಿಗೆ ಕಂಬಳಿಯೇ ಕೊಡೆ, ಕಂಬಳಿಯೇ ಹಾಸಿಗೆ, ಕಂಬಳಿಯೇ ಹೊದಿಕೆ. ಮದುವೆಯ ಮನೆಯಲ್ಲಿ ಅದೇ ಕರಿಯ ಕಂಬಳಿಯನ್ನು ಗದ್ದುಗೆಯಾಗಿ ಹಾಸಿ ಪೂಜಿಸುವ ವಾಡಿಕೆಯೂ ಉಂಟು. ಇಷ್ಟೆಲ್ಲಕ್ಕೂ ಒದಗುವ ಈ ಒರಟು ಬಟ್ಟೆಯ ಗುಣ ನಿರ್ಧಾರವಾಗುವುದು ಮಗ್ಗದ ಮೇಲೆ ಮಾತ್ರವಲ್ಲ. ನೇಕಾರನು ನೂಲನ್ನು ಆರಿಸುವ ಹೊತ್ತಿನಲ್ಲಿಯೇ ಅದು ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ.

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಗುಬ್ಬಿ ಹಳೆಯ ವ್ಯಾಪಾರಸ್ಥಳ. ನಾಟಕ ಕಂಪನಿಯಿಂದ ನಾಡಿಗೆಲ್ಲ ಪರಿಚಿತವಾಗುವುದಕ್ಕೆ ಬಹಳ ಮುಂಚೆಯೇ ಅದು ತನ್ನ ಸಂತೆಗೆ ಹೆಸರಾಗಿತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಕಂಪನಿಯ ವೈದ್ಯನು ಈ ಊರನ್ನು ಕಂಡು, ಇಲ್ಲಿ ಮಾರಾಟವಾಗುತ್ತಿದ್ದ ಸರಕುಗಳನ್ನು ಪಟ್ಟಿಮಾಡಿದ್ದಾನೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಅಡಕೆ, ತೆಂಗಿನಕಾಯಿ, ಬೆಲ್ಲ, ಹುಣಸೆಹಣ್ಣುಗಳ ಜೊತೆಗೆ ಕಂಬಳಿಗೂ ಸ್ಥಾನ ದೊರೆತಿದೆ.

ಕಂಬಳಿಯ ನೂಲು ಹುಟ್ಟುವುದು ಕುರಿಯ ಬೆನ್ನಿನ ಮೇಲೆ. ನಮ್ಮ ಬಯಲುಸೀಮೆಯ ದಖನಿ ತಳಿಯ ಕುರಿಗಳ ತುಪ್ಪಟವನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಒಂದು ಕುರಿಯಿಂದ ಇಡೀ ವರ್ಷದಲ್ಲಿ ದೊರೆಯುವ ಉಣ್ಣೆ ಒಂದು ಕಿಲೋಗ್ರಾಮಿಗಿಂತ ಕಡಮೆ. ಆದುದರಿಂದ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಬೇಕು. ಕತ್ತರಿಸಿದ ತುಪ್ಪಟವನ್ನು ಬಿಡಿಸಿ, ಕಸ ತೆಗೆದು, ಬಿಲ್ಲಿನ ಹೆದೆಯಿಂದ ಮೀಟಿ ಹಿಂಜುತ್ತಾರೆ. ಹತ್ತಿಯಂತೆ ಹಗುರವಾದ ಉಣ್ಣೆಯನ್ನು ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿನ ನೂಲಿಗೆ ಹುರಿ ಬಿಗಿಯಾಗಿರಬೇಕು. ಹೊಕ್ಕಿನ ನೂಲಿಗೆ ತುಸು ಸಡಿಲವಾದರೂ ಸಾಗುತ್ತದೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಒಂದು ಸಂತೆಯ ದಿನವನ್ನು ಹೀಗೆ ಕಲ್ಪಿಸಿಕೊಳ್ಳಬಹುದು.

ಪುಷ್ಯಮಾಸದ ಒಂದು ಬೆಳಗ್ಗೆ ಮುದುಕನಾದ ನೇಕಾರನೊಬ್ಬನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗನೊಡನೆ ಗುಬ್ಬಿಯ ಸಂತೆಗೆ ಹೊರಟನು. ಕುಣಿಗಲ್ ಕಡೆಯ ಒಂದು ಮನೆಯವರು ಮಾಘಮಾಸದ ಮದುವೆಗೆಂದು ಗದ್ದುಗೆಯ ಕಂಬಳಿಯೊಂದನ್ನು ನೇಯಲು ಹೇಳಿ ಮುಂಗಡ ಕೊಟ್ಟುಹೋಗಿದ್ದರು. ಅದುವರೆಗೆ ಆ ಮನೆಯಲ್ಲಿ ನೂಲನ್ನು ಕೊಂಡವರೇ ಇಲ್ಲ. ಅಜ್ಜಿ ಬದುಕಿರುವತನಕ ರಾಟೆ ನಿಂತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಮಗ್ಗದ ಮುಂದೆ ಬರಿಗೈಯಲ್ಲಿ ಕುಳಿತಾಗಲೇ ನೂಲಿಗೂ ಒಂದು ಬೆಲೆಯುಂಟೆಂಬುದು ಮುದುಕನ ಅರಿವಿಗೆ ಬಂದದ್ದು.

ಸಂತೆಯಲ್ಲಿ ಮೊದಲು ಕಂಡ ನೂಲು ಹುಡುಗನಿಗೆ ಬಹಳ ಹಿಡಿಸಿತು. ಉಂಡೆಗಳು ಕಪ್ಪಗೆ ಮಿರುಗುತ್ತಿದ್ದವು, ಬೆಲೆಯೂ ಮಿತವಾಗಿತ್ತು. ಮುದುಕನು ಒಂದು ಉಂಡೆಯನ್ನು ಅಂಗೈಯಲ್ಲಿ ತೂಗಿ, ಮೂಸಿ, ಮಾತಾಡದೆ ಕೆಳಗಿಟ್ಟನು.

“ಯಾಕೆ ತಾತ, ಚೆನ್ನಾಗಿಯೇ ಇದೆಯಲ್ಲ?”

“ಚೆನ್ನಾಗಿದೆ ಮಗ. ಆದರೆ ನಾವು ಉಣ್ಣೆಗಷ್ಟೇ ಅಲ್ಲ, ನೀರಿಗೂ ದುಡ್ಡು ಕೊಡಬೇಕಾಗುತ್ತದೆ.”

ಮುದುಕನ ಮಾತಿನಲ್ಲಿ ಶಾಸ್ತ್ರವಿತ್ತು. ಉಣ್ಣೆಯು ತನ್ನ ತೂಕದ ಸುಮಾರು ನೂರಕ್ಕೆ 30 ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಕುರಿಗಾಹಿಯನ್ನು ಮಳೆಯಲ್ಲಿ ಬೆಚ್ಚಗಿಡುವುದಕ್ಕೆ ನೆರವಾಗುವ ಈ ಗುಣವೇ ತೂಕದಲ್ಲಿ ಮೋಸಮಾಡುವವನಿಗೂ ಅನುಕೂಲವಾಗುತ್ತದೆ. ತೇವಗೊಂಡ ಉಣ್ಣೆಯ ವಾಸನೆಯನ್ನು ಮಾತ್ರ ಬಚ್ಚಿಡಲಾಗುವುದಿಲ್ಲ.

ಮರದ ನೆರಳಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸಿನ ಮುಂದೆ ಮುದುಕನು ಬಹಳ ಹೊತ್ತು ನಿಂತನು. ಅವಳ ನೂಲಿನ ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿದನು. ಎಲ್ಲಿಯೂ ಗಂಟಿಲ್ಲ, ದಪ್ಪ ತೆಳುವಿಲ್ಲ. ಎರಡು ಕೈಯಿಂದ ಎಳೆದನು. ಅದು ಸುಲಭವಾಗಿ ಹರಿಯಲಿಲ್ಲ. ಹುರಿಯನ್ನು ಹಿಂದಕ್ಕೆ ತಿರುವಿ ಬಿಚ್ಚಿದಾಗ ನೀಳವಾದ ಕೂದಲುಗಳು ಕಂಡವು. ಆದರೆ ಅವಳು ಹೇಳಿದ ಬೆಲೆ ಹೆಚ್ಚಾಗಿತ್ತು. ಹಾಸಿಗೆ ಬೇಕಾದಷ್ಟನ್ನು ಕೊಳ್ಳುವುದರೊಳಗೆ ಕೈಯಲ್ಲಿದ್ದ ಹಣದ ಹೆಚ್ಚಿನ ಪಾಲು ಮುಗಿಯಿತು.

“ತಾತ, ಹೊಕ್ಕಿಗೆ ತುಮಕೂರಿನ ಅಂಗಡಿಯಿಂದ ಗಿರಣಿಯ ನೂಲು ತರಬಹುದಲ್ಲ? ಅದು ಅಗ್ಗವಂತೆ,” ಎಂದನು ಹುಡುಗ. ಮುದುಕನು ಯೋಚಿಸಿ ಒಪ್ಪಿದನು. ಇಬ್ಬರೂ ಬಸ್ಸು ಹತ್ತಿದರು.

ತುಮಕೂರಿನ ಅಂಗಡಿಯಲ್ಲಿ ಸ್ವೆಟರ್ ಹೆಣೆಯುವವರಿಗೆಂದು ಬಣ್ಣಬಣ್ಣದ ನೂಲನ್ನು ಸಾಲಾಗಿ ಜೋಡಿಸಿದ್ದರು. ಕಪ್ಪು ನೂಲೂ ಇತ್ತು. ಅದು ಮೃದುವಾಗಿತ್ತು, ಒಂದೇ ಸಮನಾಗಿತ್ತು, ಸಂತೆಯ ನೂಲಿಗಿಂತ ಅಗ್ಗವೂ ಆಗಿತ್ತು. ಮುದುಕನು ಅಂಗಡಿಯವರ ಅನುಮತಿ ಕೇಳಿ ಒಂದು ಗೇಣು ನೂಲನ್ನು ಪಡೆದು, ಹೊರಗೆ ಬಂದು ಅದರ ತುದಿಗೆ ಬೆಂಕಿಕಡ್ಡಿ ತಗುಲಿಸಿದನು. ನೂಲು ಕರಗಿ ತೊಟ್ಟಿಕ್ಕಿತು; ಆರಿದ ಮೇಲೆ ತುದಿಯಲ್ಲಿ ಗಟ್ಟಿಯಾದ ಕರಿಯ ಮಣಿಯೊಂದು ಉಳಿಯಿತು. ಆಮೇಲೆ ಅವನು ಸಂತೆಯಿಂದ ತಂದ ನೂಲಿನ ತುಂಡನ್ನು ಸುಟ್ಟನು. ಕೂದಲು ಸುಟ್ಟ ವಾಸನೆ ಬಂದಿತು. ಕಡ್ಡಿಯನ್ನು ದೂರ ಸರಿಸಿದೊಡನೆ ಉರಿ ತಾನಾಗಿ ಆರಿತು. ಉಳಿದ ಕರಿಯನ್ನು ಬೆರಳುಗಳ ನಡುವೆ ಉಜ್ಜಿದಾಗ ಅದು ಪುಡಿಯಾಯಿತು.

ಅಂಗಡಿಯವರು ನಗುತ್ತ, “ಯಜಮಾನರೇ, ಇದು ಉಣ್ಣೆಯೆಂದು ನಾನು ಹೇಳಲಿಲ್ಲ. ಇದು ಆಕ್ರಿಲಿಕ್. ಸ್ವೆಟರಿಗೆ ಚೆನ್ನಾಗಿರುತ್ತದೆ,” ಎಂದರು.

“ನಿಮ್ಮ ತಪ್ಪೇನೂ ಇಲ್ಲ ಸ್ವಾಮಿ. ಇದು ನಮ್ಮ ಕೆಲಸಕ್ಕಲ್ಲ, ಅಷ್ಟೆ.” ಮುದುಕನು ಮೊಮ್ಮಗನತ್ತ ತಿರುಗಿದನು. “ಕಂಬಳಿ ಹೊದ್ದವನು ರಾತ್ರಿಯೆಲ್ಲ ಬೆಂಕಿಯ ಮಗ್ಗುಲಲ್ಲಿ ಮಲಗುತ್ತಾನೆ. ಕಿಡಿ ಹಾರಿದರೆ ಉಣ್ಣೆ ಕರಿಗಟ್ಟಿ ಸುಮ್ಮನಾಗುತ್ತದೆ. ಇದು ಕರಗಿ ಮೈಗೆ ಅಂಟಿಕೊಳ್ಳುತ್ತದೆ.”

“ನಮ್ಮದು ಗದ್ದುಗೆಯ ಕಂಬಳಿ ತಾನೆ?”

“ಮದುವೆ ಒಂದು ದಿನ ಮಗ. ಆಮೇಲೆ ಅದನ್ನು ಯಾರಾದರೂ ಹೊದೆಯಲೇಬೇಕಲ್ಲ.”

ಅವರು ಗುಬ್ಬಿಗೆ ಹಿಂದಿರುಗಿದಾಗ ಹೊತ್ತು ಇಳಿದಿತ್ತು. ಸಂತೆ ಕರಗುತ್ತಿತ್ತು. ಮರದ ಕೆಳಗಿನ ಹೆಂಗಸು ಉಳಿದ ನೂಲನ್ನು ಗಂಟು ಕಟ್ಟುತ್ತಿದ್ದಳು. ಹುಡುಗನು ತಾತನ ಕಿವಿಯಲ್ಲಿ, “ಈಗ ಅರ್ಧ ಬೆಲೆಗೆ ಕೇಳೋಣ. ಹೊತ್ತುಕೊಂಡು ಹೋಗುವುದಕ್ಕಿಂತ ಮೇಲೆಂದು ಕೊಟ್ಟುಬಿಡುತ್ತಾಳೆ,” ಎಂದನು. ಅವನ ಮಾತು ಸುಳ್ಳಾಗಿರಲಿಲ್ಲ. ಸಂತೆಯ ಕೊನೆಯ ಗಳಿಗೆ ಕೊಳ್ಳುವವನ ಗಳಿಗೆ.

ಮುದುಕನು ಅವಳೆದುರು ಕುಳಿತು, “ತಂಗಿ, ಇಷ್ಟು ನೂಲಲು ಎಷ್ಟು ದಿನ ಹಿಡಿಯಿತು?” ಎಂದು ಕೇಳಿದನು.

“ದಿನ ಯಾರು ಎಣಿಸುತ್ತಾರೆ, ಅಣ್ಣ? ಹೊಲ, ಮನೆ, ಅಡಿಗೆ ಎಲ್ಲ ಮುಗಿದ ಮೇಲೆ ದೀಪದಲ್ಲಿ ಎಣ್ಣೆ ಇರುವತನಕ ನೂಲುತ್ತೇನೆ. ಶ್ರಾವಣದಲ್ಲಿ ಹಿಡಿದದ್ದು.”

ಮುದುಕನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಅವನ ಮನೆಯಲ್ಲಿಯೂ ಒಂದು ದೀಪ ಹಾಗೆಯೇ ಉರಿಯುತ್ತಿತ್ತು. ಅದರ ಸಂಜೆಗಳನ್ನು ಅವನೂ ಎಣಿಸಿರಲಿಲ್ಲ. ಬೆಳಗಿನ ಬೆಲೆಯಂತೆಯೇ ಲೆಕ್ಕ ಹಾಕಿ, ಉಳಿದಿದ್ದ ಹಣವನ್ನು ಅವಳ ಮುಂದಿಟ್ಟನು. “ಇಷ್ಟು ಕಡಮೆ ಬೀಳುತ್ತದೆ. ಮುಂದಿನ ಸಂತೆಗೆ ಈ ಹುಡುಗನ ಕೈಯಲ್ಲಿ ಕಳುಹಿಸುತ್ತೇನೆ,” ಎಂದನು. ಅವಳು ಒಪ್ಪಿ, ಗಂಟನ್ನು ಬಿಚ್ಚಿ ನೂಲು ಕೊಟ್ಟಳು.

ದಾರಿಯಲ್ಲಿ ಹುಡುಗನು, “ಅವಳೇ ಬೆಲೆ ಇಳಿಸುತ್ತಿದ್ದಳಲ್ಲ ತಾತ?” ಎಂದು ಮತ್ತೆ ಕೇಳಿದನು.

“ಇಳಿಸುತ್ತಿದ್ದಳು. ಹಾಗೆ ನಾಲ್ಕು ಸಂತೆ ಇಳಿಸಿದ ಮೇಲೆ ರಾಟೆಯನ್ನು ಅಟ್ಟಕ್ಕೆ ಹಾಕುತ್ತಿದ್ದಳು. ಆಗ ನಮ್ಮ ಮಗ್ಗಕ್ಕೆ ನೂಲು ಎಲ್ಲಿಂದ ತರುತ್ತಿದ್ದೆ?”

ಮುಂದಿನ ಕೆಲಸ ಮನೆಯದು. ಹುಣಸೆಬೀಜವನ್ನು ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ಹಾಸಿಗೆ ಬಳಿದು ಬಿಸಿಲಿನಲ್ಲಿ ಒಣಗಿಸಿದರು. ಆಮೇಲೆ ಗುಂಡಿಮಗ್ಗದಲ್ಲಿ ಲಾಳಿ ಆಡಿತು. ಮದುವೆಗೆ ಮುನ್ನವೇ ಕಂಬಳಿ ಕುಣಿಗಲ್ ಕಡೆಗೆ ಹೋಯಿತು. ಅದಕ್ಕೂ ಮೊದಲೇ, ಮುಂದಿನ ಸಂತೆಯಲ್ಲಿ, ಹುಡುಗನು ಬಾಕಿಯ ಹಣವನ್ನು ಆ ಹೆಂಗಸಿಗೆ ತಾನೇ ಎಣಿಸಿ ಕೊಟ್ಟಿದ್ದನು.

ಮುದುಕನ ಪ್ರಶ್ನೆ ಇಂದು ಹೆಚ್ಚು ಕಠಿಣವಾಗಿದೆ. ಹರಿಯಾಣದ ಪಾಣಿಪತ್‌ನಲ್ಲಿ ಹಳೆಯ ಉಣ್ಣೆಯ ಬಟ್ಟೆಗಳನ್ನು ಸಿಗಿದು ಮತ್ತೆ ನೂಲಾಗಿಸಿ ನೇಯುವ ಅಗ್ಗದ ಕಂಬಳಿಗಳೂ ಪಾಲಿಯೆಸ್ಟರ್ ಹೊದಿಕೆಗಳೂ ಊರೂರಿನ ಅಂಗಡಿಗೆ ಬಂದಿವೆ. ಮಾಂಸದ ಬೇಡಿಕೆ ಹೆಚ್ಚಿದಂತೆ, ಉಣ್ಣೆ ಕೊಡದ ತಳಿಗಳನ್ನು ಸಾಕುವುದು ಲಾಭದಾಯಕವಾಗಿದೆ. ಕತ್ತರಿಸಿದ ಒರಟು ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟದೆ ಅದನ್ನು ಎಸೆಯುವ ಕುರಿಗಾಹಿಗಳು ದಖನ್ ಪ್ರಸ್ಥಭೂಮಿಯಲ್ಲಿದ್ದಾರೆ. ಇತ್ತ ಒಳ್ಳೆಯ ಕೈನೂಲು ಸಿಗುವುದಿಲ್ಲವೆಂದು ಕೊರಗುವ ನೇಕಾರರೂ ಇದ್ದಾರೆ. ಉಣ್ಣೆಗೂ ಮಗ್ಗಕ್ಕೂ ನಡುವೆ ಇದ್ದ ನೂಲುವ ಕೈಗಳು ಕಡಮೆಯಾದುದೇ ಇದಕ್ಕೆ ಒಂದು ಮುಖ್ಯ ಕಾರಣ.

1987ರಲ್ಲಿ ಸ್ಥಾಪನೆಯಾದ ಕೇಂದ್ರ ಉಣ್ಣೆ ಅಭಿವೃದ್ಧಿ ಮಂಡಳಿಯೂ ನಮ್ಮ ರಾಜ್ಯದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ಈ ಕಸುಬಿನ ಏಳಿಗೆಗಾಗಿ ಇರುವ ಸಂಸ್ಥೆಗಳು. ಕಂಬಳಿಗೆ ಹೆಸರಾದ ಚಿಕ್ಕನಾಯಕನಹಳ್ಳಿ ಇದೇ ತುಮಕೂರು ಜಿಲ್ಲೆಯ ಊರು. ಸಂಸ್ಥೆಗಳು ಯಂತ್ರವನ್ನು ಕೊಡಬಹುದು, ಸಾಲವನ್ನು ಕೊಡಬಹುದು. ದೀಪದ ಬೆಳಕಿನಲ್ಲಿ ಕಳೆದ ಸಂಜೆಗಳ ಬೆಲೆಯನ್ನು ಮಾತ್ರ ಕೊಳ್ಳುವವರೇ ಕೊಡಬೇಕು.