ಇಂಜಿನಿನ ಕುದುರೆಶಕ್ತಿಯನ್ನು ಹಗ್ಗದಿಂದ ಅಳೆಯುವ ಕ್ರಮ

ಬಾವಿಗೆ ಆಯಿಲ್ ಇಂಜಿನನ್ನು ಹಾಕಿಸುವ ರೈತನು ಸಾಮಾನ್ಯವಾಗಿ ಸಾಲಮಾಡಿಯೇ ಹಾಕಿಸುತ್ತಾನೆ. ತಗಡಿನ ಮೇಲೆ 5 ಕುದುರೆಶಕ್ತಿ ಎಂದು ಬರೆದಿರುವುದನ್ನು ನಂಬಿ ಹಣ ಕೊಡುತ್ತಾನೆ. ನೀರು ಸಾಲದೆ ಕಬ್ಬು ಬಾಡತೊಡಗಿದಾಗ, ದೋಷವು ಬಾವಿಯದೋ ಪಂಪಿನದೋ ಇಂಜಿನಿನದೋ ತಿಳಿಯದೆ ವ್ಯಾಜ್ಯ ಹುಟ್ಟುತ್ತದೆ. ತಗಡಿನ ಬರಹವು ಅಳತೆಯಲ್ಲ. ಇರುಸಿನಿಂದ ನಿಜವಾಗಿ ದೊರೆಯುವ ಶಕ್ತಿಯನ್ನು ಗ್ರಾಮದಲ್ಲಿಯೇ ಅಳೆಯಬಹುದು.

ತಿರುಗುಬಲವೂ ವೇಗವೂ

ಕಬ್ಬಿನ ಗಾಣದಲ್ಲಿ ಎತ್ತನ್ನು ತೊಲೆಯ ತುದಿಗೆ ಕಟ್ಟಿದರೆ ಗಾಣವು ಸುಲಭವಾಗಿ ತಿರುಗುವುದು. ನಡುವಿಗೆ ಸಮೀಪವಾಗಿ ಕಟ್ಟಿದರೆ ಅದೇ ಎತ್ತು ತಿರುಗಿಸಲಾರದು. ಎಳೆತವನ್ನು ನಡುವಿನಿಂದಿರುವ ದೂರದಿಂದ ಗುಣಿಸಿದರೆ ಬರುವುದೇ ತಿರುಗುಬಲ. ಆದರೆ ಇದರಿಂದಲೇ ಕೆಲಸದ ಪ್ರಮಾಣವು ತಿಳಿಯದು; ನಿಮಿಷಕ್ಕೆ ಎಷ್ಟು ಸುತ್ತು ಎಂಬುದೂ ಬೇಕು. ಇವೆರಡೂ ಸೇರಿದರೆ ಶಕ್ತಿ.

18ನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ವಾಟನು, 33,000 ಪೌಂಡು ತೂಕವನ್ನು ನಿಮಿಷಕ್ಕೆ ಒಂದು ಅಡಿ ಎತ್ತುವುದನ್ನು ಒಂದು ಕುದುರೆಶಕ್ತಿಯೆಂದು ಗೊತ್ತುಮಾಡಿದನು. ಮೀಟರಿನ ಲೆಕ್ಕದಲ್ಲಿ 4,500 ಕಿಲೋಗ್ರಾಂ ತೂಕವನ್ನು ನಿಮಿಷಕ್ಕೆ ಒಂದು ಮೀಟರು ಎತ್ತುವುದು ಒಂದು ಕುದುರೆಶಕ್ತಿ. ಎರಡಕ್ಕೂ ಇರುವ ಅಂತರವು ಅತ್ಯಲ್ಪ. ತಗಡಿನಲ್ಲಿ ಕಿಲೋವಾಟ್ ಎಂದಿದ್ದರೆ ಅದನ್ನು 1.36ರಿಂದ ಗುಣಿಸತಕ್ಕದ್ದು.

1821ರಲ್ಲಿ ಫ್ರಾನ್ಸಿನ ಇಂಜಿನಿಯರ್ ಪ್ರೋನಿ ಎಂಬಾತನು ತಿರುಗುವ ಇರುಸನ್ನು ಮರದ ತುಂಡುಗಳಿಂದ ಬಿಗಿಹಿಡಿದು, ಅದು ಆ ತಡೆಯನ್ನು ಎಷ್ಟು ಬಲದಿಂದ ಎಳೆಯುತ್ತದೆಂದು ತೂಗುವ ಉಪಾಯವನ್ನು ತೋರಿಸಿದನು. ಹಗ್ಗದ ಪರೀಕ್ಷೆಯೂ ಇದೇ ತತ್ವದ್ದು.

ಪರೀಕ್ಷೆಯ ಕ್ರಮ

1. ಇಂಜಿನಿನ ಮೇಲೆ ಬಲವಾದ ತೊಲೆಗೆ ಸ್ಪ್ರಿಂಗ್ ತಕ್ಕಡಿಯನ್ನು ತೂಗುಹಾಕಿ, ಅದರಿಂದ ಜಿಡ್ಡಿಲ್ಲದ ಹಗ್ಗವನ್ನು ಇಳಿಸಿ, ದೊಡ್ಡ ಚಕ್ರಕ್ಕೆ ಒಂದು ಪೂರ್ಣ ಸುತ್ತು ಸುತ್ತಿ, ಕೆಳತುದಿಗೆ ತೂಕದ ಕಲ್ಲುಗಳನ್ನು ಕಟ್ಟಬೇಕು. ಚಕ್ರವು ತೂಕವನ್ನು ಮೇಲಕ್ಕೆತ್ತುವ ದಿಕ್ಕಿನಲ್ಲಿ ತಿರುಗುವಂತಿರಬೇಕು.

2. ಚಕ್ರದ ಸುತ್ತಳತೆಗೆ ಹಗ್ಗದ ದಪ್ಪದ ಮೂರರಷ್ಟನ್ನು ಕೂಡಿಸಬೇಕು.

3. ಇಂಜಿನನ್ನು ಅರ್ಧ ಗಂಟೆ ಓಡಿಸಿ ಕಾಯಿಸಿದ ತರುವಾಯ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ತಗಡಿನಲ್ಲಿ ಹೇಳಿದ ವೇಗವನ್ನು ಇಂಜಿನು ಹಿಡಿದಿರುವ ಕಡೆಯ ತೂಕದಲ್ಲಿ ತಕ್ಕಡಿಯನ್ನು ಓದಬೇಕು. ವೇಗವನ್ನು ಟ್ಯಾಕೋಮೀಟರಿನಿಂದಲೇ ಅಳೆಯಬೇಕು. ಕಣ್ಣಿನ ಅಂದಾಜು ಸಲ್ಲದು.

ಲೆಕ್ಕ

ಕಟ್ಟಿದ ತೂಕ 20 ಕಿಲೋಗ್ರಾಂ, ತಕ್ಕಡಿ ತೋರಿಸಿದ್ದು 5 ಕಿಲೋಗ್ರಾಂ ಎಂದಿಟ್ಟುಕೊಂಡರೆ ಉಳಿಯುವ ಎಳೆತ 15. ಚಕ್ರದ ಸುತ್ತಳತೆ 194 ಸೆಂಟಿಮೀಟರು, ಹಗ್ಗದ ದಪ್ಪ 2 ಸೆಂಟಿಮೀಟರು ಆದರೆ ಒಟ್ಟು 2 ಮೀಟರು. ವೇಗ ನಿಮಿಷಕ್ಕೆ 600 ಸುತ್ತು. 15, 2, 600 ಇವುಗಳನ್ನು ಗುಣಿಸಿದರೆ 18,000. ಇದನ್ನು 4,500ರಿಂದ ಭಾಗಿಸಿದರೆ 4 ಕುದುರೆಶಕ್ತಿ.

ಇಷ್ಟರಿಂದಲೇ ಮಾರಿದವನನ್ನು ದೂಷಿಸಲಾಗದು. ಎತ್ತರದ ಸೀಮೆಯಲ್ಲಿ ಗಾಳಿಯು ತೆಳುವಾದ್ದರಿಂದ, ಸಮುದ್ರಮಟ್ಟದಿಂದ ಸಾವಿರ ಅಡಿ ಏರಿದಂತೆಲ್ಲಾ ಇಂಜಿನಿನ ಶಕ್ತಿಯು ನೂರಕ್ಕೆ ಸುಮಾರು 3 ಪಾಲು ಕುಗ್ಗುತ್ತದೆ. ಸುಮಾರು 2,500 ಅಡಿ ಎತ್ತರದ ಮೈಸೂರಿನಲ್ಲಿ 5 ಕುದುರೆಶಕ್ತಿಯ ಇಂಜಿನು 4.6ರಷ್ಟು ಕೊಟ್ಟರೆ ನ್ಯಾಯವೇ. ಆದರೆ 4 ಮಾತ್ರ ಬಂದರೆ ಡೀಸಲ್ ಸಿಂಪಡಿಸುವ ನಾಜಲ್, ಗಾಳಿಯ ಫಿಲ್ಟರು, ಪಿಸ್ಟನ್ ಬಳೆಗಳು ಇವುಗಳನ್ನು ಪರೀಕ್ಷಿಸಿ ಪುನಃ ಅಳೆಯಬೇಕು. ಶಕ್ತಿಯು ಸರಿಯಾಗಿದ್ದೂ ನೀರು ಸಾಲದಿದ್ದರೆ ಜಾರುವ ಬೆಲ್ಟು, ಸೋರುವ ಫುಟ್‌ವಾಲ್ವು, ನೀರೆತ್ತುವ ಎತ್ತರ ಇವುಗಳನ್ನು ವಿಚಾರಿಸತಕ್ಕದ್ದು.

ಎಚ್ಚರಿಕೆ

ಇಂಜಿನಿನ ಶಕ್ತಿಯೆಲ್ಲವೂ ಹಗ್ಗದ ಉಜ್ಜುವಿಕೆಯಿಂದ ಶಾಖವಾಗುವುದರಿಂದ ಹಗ್ಗವು ಸುಟ್ಟುಹೋಗಬಹುದು. ಪರೀಕ್ಷೆಯನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿ, ಚಕ್ರವು ಆರಿದ ಮೇಲೆ ಮತ್ತೊಮ್ಮೆ ಮಾಡುವುದು ಲೇಸು. ಹಗ್ಗವು ಕಚ್ಚಿಕೊಂಡರೆ ತೂಕವು ಮೇಲಕ್ಕೆ ಚಿಮ್ಮುವುದು. ಆದ್ದರಿಂದ ತೂಕವನ್ನು ಸರಪಣಿಯಿಂದ ನೆಲಕ್ಕೆ ಸಡಿಲವಾಗಿ ಬಂಧಿಸಿರಬೇಕು. ಪಂಚೆ, ಉತ್ತರೀಯ ಧರಿಸಿದವರೂ ಮಕ್ಕಳೂ ದೂರವಿರಬೇಕು. ಇಂಜಿನು ನಿಲ್ಲಿಸುವ ಹಿಡಿಯ ಬಳಿ ತಿಳಿದವನೊಬ್ಬನು ಸದಾ ನಿಂತಿರತಕ್ಕದ್ದು.

ಹಣವನ್ನು ಪೂರ್ತಿ ಸಲ್ಲಿಸುವ ಮೊದಲೇ ಈ ಪರೀಕ್ಷೆಯು ನಡೆಯಬೇಕು. ಗ್ರಾಮದ ಮುಖಂಡರು ಮಾರುವವನನ್ನೂ ಕೊಳ್ಳುವವನನ್ನೂ ಎದುರಿಗಿಟ್ಟುಕೊಂಡು ತೂಕ, ತಕ್ಕಡಿಯ ಓದು, ಸುತ್ತಳತೆ, ವೇಗ ಈ ನಾಲ್ಕನ್ನೂ ಬರೆಯಿಸಿ ಇಬ್ಬರ ರುಜುವನ್ನೂ ಪಡೆದರೆ, ಮುಂದೆ ವ್ಯಾಜ್ಯಕ್ಕೆ ಆಸ್ಪದವಿರಲಾರದು.